ಸ್ಟಿರಾಯ್ಡ್ ಮುಗಿದ ಮೇಲೆ ಶುರುವಾಗುವ ಚೇತರಿಕೆ

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಇರುವವರ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಕಾಯಿಲೆ ಜೋರಾಗಿ ಮರುಕಳಿಸಿ ಕಾಲುಗಳ ಬಲ ಹೋಯಿತು, ಐದು ದಿನ ಸ್ಟಿರಾಯ್ಡ್ ಡ್ರಿಪ್ ಹಾಕಿದರು, ಮನೆಗೆ ಬಂದು ಎರಡು ವಾರವಾದರೂ ಎದ್ದು ನಿಲ್ಲಲು ಆಗುತ್ತಿಲ್ಲ. ಇನ್ನು ಇಷ್ಟೇ ಏನು?

ಇಷ್ಟೇ ಅಲ್ಲ. ಔಷಧ ತನ್ನ ಪಾಲಿನ ಕೆಲಸ ಮುಗಿಸಿರಬಹುದು. ನರಮಂಡಲ ತನ್ನ ಪಾಲಿನ ಕೆಲಸವನ್ನು ಈಗಷ್ಟೇ ಕೈಗೆತ್ತಿಕೊಂಡಿರುತ್ತದೆ. ಹೆಚ್ಚಿನ ಸುಧಾರಣೆ ಮೊದಲ ಎರಡು-ಮೂರು ತಿಂಗಳಲ್ಲಿ ಕಾಣುತ್ತದೆ, ಉಳಿದದ್ದು ವರ್ಷದವರೆಗೂ ನಿಧಾನವಾಗಿ ಸಾಗುವುದುಂಟು.

ಸಿಮೆಂಟ್ ಲೈನಿಂಗ್ ಇರುವ ನಾಲೆಯೊಂದನ್ನು ಎಣಿಸಿಕೊಳ್ಳಿ. ಲೈನಿಂಗ್ ಗಟ್ಟಿಯಿದ್ದರೆ ನೀರು ಕೊನೆಭಾಗದ ಗದ್ದೆಯವರೆಗೂ ಓಡುತ್ತದೆ. ಅದು ಕಿತ್ತುಹೋದ ಕಡೆ ನೀರು ನೆಲಕ್ಕೆ ಇಂಗುತ್ತದೆ. ಮೇಲಿನಿಂದ ನೀರು ಬಿಟ್ಟಿದ್ದಾರೆ, ನಾಲೆಯೂ ಇದೆ, ಗದ್ದೆ ಮಾತ್ರ ಒಣಗಿದೆ. ನರತಂತುವಿನ ಸುತ್ತಲ ಮೈಲಿನ್ ಹೊದಿಕೆ ಈ ಲೈನಿಂಗ್ ಇದ್ದ ಹಾಗೆ. ರೋಗನಿರೋಧಕ ಕಣಗಳು ದಾರಿತಪ್ಪಿ ಅದನ್ನು ಕಿತ್ತಾಗ ಮಿದುಳಿನ ವಿದ್ಯುತ್ ಸಂಕೇತ ನಡುದಾರಿಯಲ್ಲೇ ಸೋರಿಹೋಗುತ್ತದೆ, ಕಾಲು ಏಳುವುದಿಲ್ಲ.

ದುರಸ್ತಿ ಹಂತಹಂತವಾಗಿ ನಡೆಯುತ್ತದೆ. ಮೊದಲು ಉರಿಯೂತ ಇಳಿಯುತ್ತದೆ. ಅಡ್ಡಬಿದ್ದ ಕೆಸರು ತೆಗೆದಂತೆ. ಬಳಿಕ ಬರಿದಾದ ತಂತುವಿನ ಉದ್ದಕ್ಕೂ ಸೋಡಿಯಂ ದ್ವಾರಗಳು ಹರಡಿಕೊಂಡು, ಮಣ್ಣಿನ ಕಾಲುವೆಯಲ್ಲಿ ನೀರು ತೆವಳುವಂತೆ ಸಂಕೇತ ನಿಧಾನವಾಗಿಯಾದರೂ ದಾಟುತ್ತದೆ. ಆಮೇಲೆ ಹೊಸ ಮೈಲಿನ್ ಬರುತ್ತದೆ. ಮೊದಲಿಗಿಂತ ತೆಳು, ಆದರೂ ನೀರು ಹರಿಸಲು ಸಾಕು. ಅದೂ ಆಗದ ಕಡೆ ಮಿದುಳು ಬೇರೆ ಉಪಕಾಲುವೆಗಳಿಂದ ಕೆಲಸ ನಡೆಸಲು ಕಲಿಯುತ್ತದೆ. ನರತಂತುವೇ ತುಂಡಾಗಿದ್ದರೆ ಮಾತ್ರ ಆ ನಾಲೆ ಹೋದಂತೆಯೇ. ಮಿದುಳು, ಬೆನ್ನುಹುರಿಗಳಲ್ಲಿ ಅದು ಮತ್ತೆ ಬೆಳೆಯುವುದಿಲ್ಲ.

ಫ್ರಾನ್ಸಿನ ಶಾರ್ಕೋ ಈ ಕಾಯಿಲೆಯನ್ನು 1868ರಲ್ಲಿ ಸ್ಪಷ್ಟವಾಗಿ ವಿವರಿಸಿದ್ದ. ವಯಸ್ಕ ಪ್ರಾಣಿಯ ಬೆನ್ನುಹುರಿಯಲ್ಲಿ ಮೈಲಿನ್ ಮರಳಿ ಬೆಳೆಯುತ್ತದೆ ಎಂಬುದು ಖಚಿತವಾಗಲು ಸುಮಾರು ಒಂದು ಶತಮಾನವೇ ಬೇಕಾಯಿತು. ಅಮೆರಿಕದ ಮೇರಿ ಮತ್ತು ರಿಚರ್ಡ್ ಬಂಗೆ ದಂಪತಿ ಸಹೋದ್ಯೋಗಿ ಹಾನ್ಸ್ ರಿಸ್ ಜೊತೆ 1961ರಲ್ಲಿ ಬೆಕ್ಕಿನ ಬೆನ್ನುಹುರಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ತೋರಿಸಿದರು. ಹಾಗೆ ಬೆಳೆದ ಹೊದಿಕೆ ಸಂಕೇತವನ್ನು ನಂಬಬಹುದಾದಂತೆ ದಾಟಿಸುತ್ತದೆ ಎಂದು 1979ರಲ್ಲಿ ಸ್ಮಿತ್, ಬ್ಲೇಕ್‌ಮೋರ್, ಮೆಕ್‌ಡೊನಾಲ್ಡ್ ಸಾಬೀತು ಮಾಡಿದರು. ನನಗೆ ಈ ಎರಡು ಶೋಧಗಳು ಯಾವ ಹೊಸ ಔಷಧಕ್ಕಿಂತಲೂ ಕಡಿಮೆಯಲ್ಲ.

ಹಾಗಾದರೆ ಸ್ಟಿರಾಯ್ಡ್ ಮಾಡುವುದೇನು? ಎಂ.ಎಸ್. ದಾಳಿಯ ಒಂದು ರೂಪವಾಗಿ ಬರಬಲ್ಲ ಕಣ್ಣಿನ ನರದ ಉರಿಯೂತವಿದ್ದ 457 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗ 1992ರಲ್ಲಿ ಉತ್ತರ ಕೊಟ್ಟಿತು. ರಕ್ತನಾಳಕ್ಕೆ ಹೆಚ್ಚಿನ ಪ್ರಮಾಣದ ಸ್ಟಿರಾಯ್ಡ್ ಪಡೆದವರ ದೃಷ್ಟಿ ಬೇಗ ಮರಳಿತು. ವರ್ಷದ ಹೊತ್ತಿಗೆ ಪಡೆಯದವರ ದೃಷ್ಟಿಯೂ ಬಹುತೇಕ ಅಷ್ಟೇ ಚೆನ್ನಾಗಿತ್ತು. ಅಂದರೆ ಸ್ಟಿರಾಯ್ಡ್ ಚೇತರಿಕೆಯನ್ನು ಬೇಗ ತರುತ್ತದೆ, ದೊಡ್ಡದು ಮಾಡುವುದಿಲ್ಲ. ಅದಕ್ಕೂ ಬಗ್ಗದ ತೀವ್ರ ದಾಳಿಗೆ ಪ್ಲಾಸ್ಮಾ ಬದಲಾವಣೆ ಎಂಬ ದಾರಿಯಿದೆ. ಮೇಯೋ ಕ್ಲಿನಿಕ್‌ನ ವೈನ್‌ಶೆಂಕರ್ ತಂಡ 1999ರಲ್ಲಿ ಪ್ರಕಟಿಸಿದ ಪುಟ್ಟ ಪ್ರಯೋಗದಲ್ಲಿ ಈ ಚಿಕಿತ್ಸೆಯ 19 ಸರದಿಗಳಲ್ಲಿ 8 ಗಣನೀಯ ಫಲ ಕೊಟ್ಟವು. ತೋರಿಕೆಯ ಚಿಕಿತ್ಸೆಯ 17ರಲ್ಲಿ ಒಂದು ಮಾತ್ರ.

ತಾನಾಗಿ ಬರುವ ಚೇತರಿಕೆಗೆ ಒಂದು ಅಪಾಯವಿದೆ: ಆ ಹೊತ್ತಿಗೆ ಏನು ಕೊಟ್ಟರೂ ಕೀರ್ತಿ ಅದಕ್ಕೇ ಸಲ್ಲುತ್ತದೆ. ಬ್ರಿಟನ್ನಿನ ದೊರೆ ಮೂರನೇ ಜಾರ್ಜ್‌ನ ಮೊಮ್ಮಗ ಅಗಸ್ಟಸ್ ಡೆಸ್ಟೆ ಬರೆದಿಟ್ಟ ದಿನಚರಿ, ಎಂ.ಎಸ್. ಬಗ್ಗೆ ರೋಗಿಯೇ ಬರೆದ ಅತಿ ಹಳೆಯ ದಾಖಲೆಗಳಲ್ಲೊಂದು. 1822ರಲ್ಲಿ ಅವನ ಕಣ್ಣು ಮಂಜಾಗಿ, ಯಾವ ಮದ್ದೂ ಇಲ್ಲದೆ ಸರಿಹೋಯಿತು. 1827ರಲ್ಲಿ ಫ್ಲಾರೆನ್ಸ್‌ನಲ್ಲಿ ಎರಡೆರಡಾಗಿ ಕಾಣತೊಡಗಿದಾಗ ವೈದ್ಯರು ಜಿಗಣೆ ಬಿಟ್ಟರು, ಆಗಲೂ ಸರಿಹೋಯಿತು. ಗುಣ ಜಿಗಣೆಯದಲ್ಲ. ಇಂದು ಲಕ್ಷಾಂತರ ರೂಪಾಯಿಗೆ ಮೈಲಿನ್ ಬೆಳೆಸಿಕೊಡುತ್ತೇವೆ ಎನ್ನುವ ಜಾಹೀರಾತುಗಳನ್ನು ಇದೇ ಅನುಮಾನದಿಂದ ನೋಡಬೇಕು. ಮೈಲಿನ್ ಮರಳಿ ಬೆಳೆಸಲೆಂದೇ ಮಾನ್ಯತೆ ಪಡೆದ ಔಷಧ ಇನ್ನೂ ಬಂದಿಲ್ಲ.

ಚೇತರಿಸಿಕೊಳ್ಳುತ್ತಿರುವವರು ಬಿಸಿಲಲ್ಲಿ, ಜ್ವರದಲ್ಲಿ, ಬಿಸಿನೀರಿನ ಸ್ನಾನದ ಬಳಿಕ ಹಳೆಯ ತೊಂದರೆ ಮರಳಿತೆಂದು ಹೆದರುತ್ತಾರೆ. ಮೈಬಿಸಿ ಏರಿದರೆ ತೆಳು ಹೊದಿಕೆಯ ನರದಲ್ಲಿ ಸಂಕೇತಕ್ಕೆ ತಡೆಯಾಗುತ್ತದೆ. ಜರ್ಮನಿಯ ವಿಲ್ಹೆಲ್ಮ್ ಊಟ್‌ಹೋಫ್ 1890ರಲ್ಲೇ ಇದನ್ನು ಗುರುತಿಸಿದ್ದ. ಮೈ ತಣ್ಣಗಾದರೆ ಅದು ಇಳಿಯುತ್ತದೆ, ಹೊಸ ದಾಳಿಯಲ್ಲ. ನಿಜವಾದ ಮರುಕಳಿಕೆ ಕನಿಷ್ಠ 24 ಗಂಟೆ ನಿಲ್ಲುತ್ತದೆ. ಮೂತ್ರದ ಸೋಂಕೂ ಅದೇ ವೇಷದಲ್ಲಿ ಬರುವುದರಿಂದ ಸ್ಟಿರಾಯ್ಡ್‌ಗೆ ಮೊದಲು ಮೂತ್ರ ಪರೀಕ್ಷೆ ಒಳ್ಳೆಯದು.

ರೋಗಿಗಳಿಗೂ ಮನೆಯವರಿಗೂ ನನ್ನ ವಿನಂತಿ ಎರಡೇ. ಫಿಸಿಯೋಥೆರಪಿಯನ್ನು ಮೊದಲ ವಾರಗಳಲ್ಲೇ ಶುರುಮಾಡಿ, ದಣಿವು ನೋಡಿಕೊಂಡು ಮುಂದುವರಿಸಿ. ನಡೆದಾಡುವಂತಾದ ಕೂಡಲೇ, ಮರುಕಳಿಕೆ ತಡೆಯುವ ಔಷಧವನ್ನು ವೈದ್ಯರನ್ನು ಕೇಳದೆ ಬಿಡಬೇಡಿ. ದೇಹ ಒಮ್ಮೆ ದುರಸ್ತಿ ಮಾಡಿಕೊಂಡೀತು, ಪ್ರತಿ ಸಲವೂ ಅಷ್ಟೇ ಚೆನ್ನಾಗಿ ಮಾಡಿಕೊಳ್ಳಲಾರದು.