ಪಿಂಗಾಣಿಯ ಚಹಾಪಾತ್ರೆ

ಯಾದಗಿರಿ, ಶಹಾಪುರ, ಸುರಪುರಗಳ ಜನ 'ಚಹಾ' ಎನ್ನುವುದನ್ನು ಮೈಸೂರು ಕಡೆಯವರು 'ಟೀ' ಎನ್ನುತ್ತಾರೆ. ಎರಡೂ ಚೀನಾದ ಮಾತುಗಳೇ. ಮೊದಲನೆಯದು ಆ ದೇಶದ ಬಹುಭಾಗದ ಉಚ್ಚಾರ. ಎರಡನೆಯದು ಅದರ ಆಗ್ನೇಯ ಕರಾವಳಿಯದು. ಅದು ಡಚ್ಚರ ಹಡಗುಗಳಲ್ಲಿ ಯುರೋಪಿಗೆ ಹೋಗಿ, ಇಂಗ್ಲಿಷರೊಡನೆ ನಮ್ಮಲ್ಲಿಗೆ ಬಂದಿತು. ಚಹಾವನ್ನು ಬಗ್ಗಿಸುವ ಪಾತ್ರೆಯೂ ಹೀಗೆಯೇ ದೇಶಗಳನ್ನು ಸುತ್ತಿದೆ. ಗಿಂಡಿಯಂತೆ ಕೊಕ್ಕು, ಬದಿಗೊಂದು ಹಿಡಿ, ಮೇಲೆ ಮುಚ್ಚಳ, ಮೈತುಂಬ ಚಿತ್ರ—ಇದು ಅದರ ರೂಪ.

ನಮ್ಮ ಕುಂಬಾರರ ಕೊಡದಲ್ಲಿ ಬೇಸಿಗೆಯ ನೀರು ತಣ್ಣಗಾಗುವುದು ಅದರ ಮೈ ಜಿನುಗುವುದರಿಂದ. ಪಿಂಗಾಣಿ ಜಿನುಗದು. ಕೆಯೋಲಿನ್ ಎಂಬ ಬಿಳಿಯ ಜೇಡಿಗೆ ಒಂದು ಬಗೆಯ ಕಲ್ಲಿನ ಹುಡಿಯನ್ನು ಬೆರೆಸಿ ಸುಮಾರು 1300 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಸುಟ್ಟರೆ, ಕಲ್ಲು ಗಾಜಿನಂತೆ ಕರಗಿ ಜೇಡಿಯ ಸಂದುಗಳನ್ನು ತುಂಬುತ್ತದೆ. ತೆಳುವಾದ ಬಟ್ಟಲನ್ನು ಬಿಸಿಲಿಗೆ ಹಿಡಿದರೆ ಬೆಳಕು ಹಾಯುತ್ತದೆ. ಚೀನೀಯರು ಬಲ್ಲ ಈ ವಿದ್ಯೆ ಶತಮಾನಗಳ ಕಾಲ ಯುರೋಪಿಗೆ ಒಗಟಾಗಿತ್ತು.

ಅದನ್ನು ಬಿಡಿಸಿದ ಕಥೆ ಕರುಣಾಜನಕವಾದುದು. ಬೋಟ್ಗರ್ ಎಂಬ ತರುಣ ತಾನು ಚಿನ್ನ ಮಾಡಬಲ್ಲೆನೆಂದು ಹೇಳಿಕೊಂಡ. ಸ್ಯಾಕ್ಸನಿಯ ಅರಸ ಆಗಸ್ಟಸ್ ಅವನನ್ನು ಸೆರೆಯಲ್ಲಿಟ್ಟ. ಚಿನ್ನವೇನೋ ಹುಟ್ಟಲಿಲ್ಲ; ಚಿರ್ನ್‌ಹೌಸ್ ಎಂಬ ವಿದ್ವಾಂಸನ ಮಾರ್ಗದರ್ಶನದಲ್ಲಿ 1708ರಲ್ಲಿ ಪಿಂಗಾಣಿ ಹುಟ್ಟಿತು. 1710ರಲ್ಲಿ ಮೈಸನ್ ನಗರದಲ್ಲಿ ಕಾರ್ಖಾನೆ ಎದ್ದಿತು. ಬೋಟ್ಗರನಿಗೆ ಬಿಡುಗಡೆ ದೊರೆತುದು 1714ರಲ್ಲಿ. 1719ರಲ್ಲಿ, ತನ್ನ 37ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ. ಅರಮನೆಯ ಮೇಜಿನ ಮೇಲೆ ಹೊಳೆಯುವ ಪಾತ್ರೆಗೆ ಇಂಥ ಬೆಲೆಯೂ ಉಂಟು.

ಮೈಸನ್‌ನ ಮೊದಲ ಚಹಾಪಾತ್ರೆಗಳು ಚೀನಾದ ಯಿಶಿಂಗ್‌ನ ಕೆಂಪು ಮಣ್ಣಿನ ಪಾತ್ರೆಗಳನ್ನೇ ಹೋಲುತ್ತಿದ್ದವು. 1720ರಲ್ಲಿ ಅಲ್ಲಿಗೆ ಬಂದ ಹೆರೋಲ್ಟ್ ಎಂಬ ಚಿತ್ರಕಾರ, ಚೀನಾವನ್ನು ಎಂದೂ ಕಂಡವನಲ್ಲ. ಆದರೂ ನಿಲುವಂಗಿ ತೊಟ್ಟ ಚೀನೀಯರನ್ನು ಪಾತ್ರೆಗಳ ಮೇಲೆ ಚೆಲುವಾಗಿ ಬರೆದ. ಅತ್ತ ಚೀನಾದ ಕುಶಲಿಗಳು ಯುರೋಪಿನ ಮನೆತನಗಳ ಲಾಂಛನಗಳನ್ನು, ಅಕ್ಷರವರಿಯದಿದ್ದರೂ, ಕಳುಹಿಸಿದ ಮಾದರಿಯನ್ನು ನೋಡಿ ಬರೆಯುತ್ತಿದ್ದರು.

ಅಚ್ಚ ಚೀನಾದ್ದೆಂದು ನಾವು ಬಗೆಯುವ ನೀಲಿಯ ಕಥೆಯೂ ಇಂಥದೇ. 14ನೆಯ ಶತಮಾನದಲ್ಲಿ ಆ ಬಣ್ಣದ ಕೋಬಾಲ್ಟ್ ಪಾರಸಿ ದೇಶದಿಂದ ಹೋಗುತ್ತಿತ್ತು. 'ಪಿಂಗಾಣಿ' ಎಂಬ ನಮ್ಮ ಮಾತೂ ಪಾರಸಿ ಮೂಲದ್ದೇ.

ಇನ್ನು ನೀಲಿಯ ವಿಲೋ ಚಿತ್ರ: ಬಾಗಿದ ಮರ, ಸೇತುವೆಯ ಮೇಲೆ ಮೂವರು, ಆಕಾಶದಲ್ಲಿ ಎರಡು ಹಕ್ಕಿಗಳು. ಚೀನಾದ ಮಾದರಿಗಳನ್ನು ಕಂಡು 18ನೆಯ ಶತಮಾನದ ಕೊನೆಗೆ ಇಂಗ್ಲೆಂಡಿನವರು ಇದನ್ನು ರೂಪಿಸಿದರು. ಓಡಿಹೋದ ಪ್ರೇಮಿಗಳ ಕಥೆಯನ್ನೂ ಆಮೇಲೆ ಅವರೇ ಹೆಣೆದರು. ಗಿರಾಕಿಗಳು ಬಯಸಿದಾಗ ಚೀನಾದ ಚಿತ್ರಕಾರರು ಆ ಚಿತ್ರವನ್ನೇ ನಕಲು ಮಾಡಿ ಹಡಗಿಗೇರಿಸಿದರು.