ಹೊಗೆಸೊಪ್ಪಿನ ಹರಾಜು: ಬೆಲೆ ಕಟ್ಟುವ ಮಾತಿನ ಪಲ್ಲಟ

ಕೃಷಿ ಜಾನಪದದ ಸಂಗ್ರಾಹಕರು ನಾಟಿ ಪದಗಳಿಗೆ, ಮಳೆ ನಕ್ಷತ್ರದ ಗಾದೆಗಳಿಗೆ ನೀಡಿದಷ್ಟು ಗಮನವನ್ನು ಬೆಳೆ ಮಾರುವ ಮಾತಿಗೆ ನೀಡಿಲ್ಲ. ಡಿಜಿಟಲ್ ತಂತ್ರಜ್ಞಾನವು ಬೇಸಾಯವನ್ನು ಬದಲಿಸುತ್ತಿದೆ ಎನ್ನುವಾಗಲೂ ಹೊಲದ ಸಲಕರಣೆಗಳೇ ಚರ್ಚೆಗೆ ಬರುತ್ತವೆ. ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಲ್ಲಿ ಅದರ ಪ್ರಭಾವ ಎದ್ದು ಕಾಣುವುದು ಬೆಲೆ ಕಟ್ಟುವ ಕ್ರಮದಲ್ಲಿ.

ಕೆ.ಆರ್. ನಗರ ಭಾಗದ ಚುಂಚನಕಟ್ಟೆಯಂಥ ದನಗಳ ಜಾತ್ರೆಗಳಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದು ರೂಢಿ. ದಲ್ಲಾಳಿ ಹಿಡಿದ ಬೆರಳುಗಳು ನೂರನ್ನು ಸೂಚಿಸುತ್ತವೆಯೋ ಸಾವಿರವನ್ನೋ ಎಂಬುದು ಎದುರಿನವನಿಗಷ್ಟೇ ತಿಳಿಯುತ್ತದೆ. ಸುತ್ತ ನೆರೆದವರಿಗೆ ತಿಳಿಯದು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಹೊಗೆಸೊಪ್ಪಿನ ವ್ಯವಹಾರ ಬೇರೆ ಹಾದಿ ಹಿಡಿಯಿತು. 1976ರಲ್ಲಿ ಅಸ್ತಿತ್ವಕ್ಕೆ ಬಂದ ತಂಬಾಕು ಮಂಡಳಿ 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿಯನ್ನು ಜಾರಿಗೆ ತಂದಿತು. ಸಾಲಾಗಿ ಇಟ್ಟ ಬೇಲುಗಳ ನಡುವೆ ಹರಾಜು ಕೂಗುವವನು ನಡೆಯುತ್ತಿದ್ದ. ಕಂಪನಿಗಳ ಖರೀದಿದಾರರು ಸನ್ನೆಯಿಂದಲೋ ಮಾತಿನಿಂದಲೋ ಬೆಲೆ ಏರಿಸುತ್ತಿದ್ದರು. ಬೆರಳಿನ ಗುಟ್ಟು ಇಲ್ಲಿ ಬಯಲಿನ ಕೂಗಾಯಿತು. ಆದರೂ ಆ ಕಾಲವನ್ನು ಹೊಗಳುವ ಅಗತ್ಯವಿಲ್ಲ: ಆ ಶೀಘ್ರ ಲಯದ ಕೂಗಿನಲ್ಲಿ ಬೆಳೆಗಾರನದು ಬಹುಮಟ್ಟಿಗೆ ಕೇಳುಗನ ಪಾತ್ರವೇ ಆಗಿತ್ತು.

2010ರ ದಶಕದಲ್ಲಿ ಎಲೆಕ್ಟ್ರಾನಿಕ್ ಹರಾಜು ಬಂದ ಮೇಲೆ ಕೂಗು ನಿಂತಿತು. ಬೇಲಿನ ಸಂಖ್ಯೆ, ತೂಕ, ದರ್ಜೆಗಳು ಮೊದಲೇ ಗಣಕದಲ್ಲಿ ದಾಖಲಾಗಿರುತ್ತವೆ. ಖರೀದಿದಾರರು ಅಂಗೈಯಲ್ಲಿ ಹಿಡಿದ ಪುಟ್ಟ ಯಂತ್ರದಲ್ಲಿ ದರ ಒತ್ತುತ್ತಾರೆ. ಹೆಚ್ಚಿನ ದರ ಕೊಟ್ಟವರಿಗೆ ಬೇಲು ಸಲ್ಲುತ್ತದೆ. ಬರಹದ ತಪ್ಪುಗಳಿಗೂ ಒಳಒಪ್ಪಂದಕ್ಕೂ ಎಡೆ ಕಡಿಮೆಯಾಯಿತೆಂಬುದು ಇದರ ಸಮರ್ಥನೆ. ಅದು ಹುರುಳಿಲ್ಲದ ಮಾತಲ್ಲ. ಆದರೆ ಯಾರು ಎಷ್ಟಕ್ಕೆ ಹಿಂದೆ ಸರಿದರು ಎಂಬುದು ಈಗ ಬೇಲಿನ ಪಕ್ಕದಲ್ಲಿ ನಿಂತವನ ಕಿವಿಗೆ ಬೀಳುವುದಿಲ್ಲ. ಎಲೆಯನ್ನು ಮುಟ್ಟಿ, ಮೂಸಿ, ಬಣ್ಣ ನೋಡಿ ಅಳೆಯುವ ಅವನ ಅರಿವಿಗೂ ಯಂತ್ರದಲ್ಲಿ ಮೂಡುವ ಅಂಕಿಗೂ ನಡುವೆ ಮಾತೇ ಇಲ್ಲವಾಗಿದೆ.

ದರ ಒಪ್ಪಿಗೆಯಾಗದಿದ್ದರೆ ಬೇಲನ್ನು ಮಾರದೆ ಉಳಿಸಿಕೊಳ್ಳುವ ಹಕ್ಕು ಬೆಳೆಗಾರನಿಗೆ ಇದೆ. ಬ್ಯಾರನ್ನಿನ ಸೌದೆ, ಕೂಲಿ, ಗೊಬ್ಬರದ ಸಾಲ ಹೊತ್ತವನಿಗೆ ಅದನ್ನು ಬಳಸುವುದು ಸುಲಭವಲ್ಲ. ಬೆಲೆ ತೀರಾ ಕುಸಿದ ದಿನಗಳಲ್ಲಿ ಬೆಳೆಗಾರರು ಗುಂಪುಗೂಡಿ ಹರಾಜನ್ನೇ ತಡೆದದ್ದುಂಟು. ಅಂಥ ದಿನ ಅಧಿಕಾರಿಗಳೂ ಖರೀದಿದಾರರೂ ಯಂತ್ರ ಕೆಳಗಿಟ್ಟು ಅವರೊಡನೆ ಬಾಯಿಮಾತಿಗೆ ಇಳಿಯಬೇಕಾಗುತ್ತದೆ.