ನಿಮಗಿದು ಗೊತ್ತೆ? ಗಾಜಿನ ಫೋಟೊಗೆ ಬೆಳಕು ಹಿಂದಿನಿಂದ ಬರಲಿ

ಗಾಜಿನ ಬಾಟಲಿಯ ಫೋಟೊ ತೆಗೆಯುವಾಗ ಬೆಳಗಬೇಕಾದದ್ದು ಅದರ ಹಿಂದಿನ ಪರದೆಯನ್ನು. ನೇರವಾಗಿ ಬಿದ್ದ ಬೆಳಕಿನಲ್ಲಿ ಗಾಜಿನ ಒಂದೊಂದು ಮೈ ಹಿಂದಿರುಗಿಸುವುದು ಸುಮಾರು ಶೇ 4ರಷ್ಟನ್ನು ಮಾತ್ರ. ಉಳಿದದ್ದರಲ್ಲಿ ಬಹುಪಾಲು ಒಳಹೊಕ್ಕು ಆಚೆ ಸಾಗುತ್ತದೆ. ಆ ಅಲ್ಪ ಪ್ರತಿಫಲನವೇ ಫ್ಲ್ಯಾಶ್‌ನ ಬಿಳಿ ಚುಕ್ಕೆಯಾಗಿ ಕಣ್ಣಿಗೆ ಹೊಡೆಯುತ್ತದೆ, ಬಾಟಲಿಯ ಆಕಾರ ಕಾಣೆಯಾಗುತ್ತದೆ. ಹಿಂದೆ ಬಟರ್ ಪೇಪರ್ ಕಟ್ಟಿ, ಅದರಾಚೆ ಒಂದು ಎಲ್‌ಇಡಿ ಬಲ್ಬ್ ಹೊತ್ತಿಸಿ, ಚೌಕಟ್ಟಿನ ಹೊರಗೆ ಎರಡೂ ಬದಿಗೆ ಕಪ್ಪು ರಟ್ಟು ನಿಲ್ಲಿಸಿ. ಗಾಜಿನ ಅಂಚು ಬೆಳಕನ್ನು ಬಾಗಿಸುವುದರಿಂದ ಅಲ್ಲಿ ಕಾಣುವುದು ಬದಿಯ ಕಪ್ಪು. ಬಾಟಲಿಯ ಸುತ್ತ ಗೆರೆ ಎಳೆದಂತಾಗುತ್ತದೆ.

ಬೆಳಕನ್ನು ಮೃದುವಾಗಿಸುವ ದುಬಾರಿ ಸಾಫ್ಟ್‌ಬಾಕ್ಸ್ ಇಲ್ಲದೆ ಇದು ಆಗದು ಎನ್ನುವವರಿದ್ದಾರೆ. ಆದರೆ ಬೆಳಕಿನ ಮೃದುತ್ವವನ್ನು ನಿರ್ಧರಿಸುವುದು ವಸ್ತುವಿಗೆ ಹೋಲಿಸಿದರೆ ಬೆಳಕಿನ ಮೂಲ ಎಷ್ಟು ಅಗಲವಿದೆ ಎಂಬುದು. ಕಾಗದವಿಡೀ ಸಮನಾಗಿ ಬೆಳಗಿದರೆ ಅದೇ ದೊಡ್ಡ ದೀಪ. ಗಾಢ ಬಣ್ಣದ ಪಾನೀಯ ಕಪ್ಪಾಗಿಯೇ ಉಳಿಯುತ್ತದೆ ಎಂಬ ಆಕ್ಷೇಪ ಮಾತ್ರ ನಿಜ. ಅದಕ್ಕೆ ಬಾಟಲಿಗಿಂತ ತುಸು ಚಿಕ್ಕದಾಗಿ, ಅದರದೇ ಆಕಾರದಲ್ಲಿ ಬೆಳ್ಳಿ ಬಣ್ಣದ ಕಾಗದ ಕತ್ತರಿಸಿ ಹಿಂದೆ ಮರೆಯಾಗಿ ನಿಲ್ಲಿಸಿ, ಅದರ ಮೇಲೆ ಓರೆಯಾಗಿ ಬೆಳಕು ಹಾಯಿಸಬೇಕು. ಕ್ಲಿಕ್ಕಿಸುವ ಮೊದಲು ಕೋಣೆಯ ಉಳಿದ ದೀಪಗಳನ್ನು ಆರಿಸಿ, ಕಿಟಕಿಯ ಪರದೆ ಎಳೆದುಬಿಡಿ. ಅವೂ ಗಾಜಿನಲ್ಲಿ ಮೂಡುತ್ತವೆ.